ಅಡಿವೆಪ್ಪನ ಕೆಮ್ಮು

ನಮ್ಮ ಊರಿನ ಮಕ್ಕಳು ಅಕ್ಷರ ಕಲಿಯುವ ಮೊದಲು ಬಾವುಟ ನೋಡುವುದನ್ನು ಕಲಿಯುತ್ತಾರೆ. ಪರಾತದ ಅಂಚಿನಲ್ಲಿ ಬಿಳಿ ಬಾವುಟ ಹಾರುತ್ತಿದ್ದರೆ ಎಷ್ಟು ಬೇಕಾದರೂ ಮಾತಾಡಬಹುದು. ಕೆಂಪು ಬಾವುಟ ಏರಿತೆಂದರೆ ಬಾಯಿ ಮುಚ್ಚಬೇಕು. ಆಗ ಪರಾತ ಆಕಾಶಕ್ಕೆ ಕಿವಿಗೊಟ್ಟಿರುತ್ತದೆ, ನಾವು ಆಡಿದ ಪ್ರತಿಯೊಂದು ಮಾತೂ ಅದರ ಕಾಗದದ ಮೇಲೆ ಮುಳ್ಳಾಗಿ ಮೂಡುತ್ತದೆ. ದನದ ಕೊರಳಿನ ಗಂಟೆ, ಬಂಡಿಯ ಗಾಲಿ, ಗುಡುಗು, ಮಳೆ ಇವು ಯಾವುವೂ ಅದಕ್ಕೆ ತಾಗುವುದಿಲ್ಲ. ಮನುಷ್ಯರ ಬಾಯಿಂದ ಹೊರಟದ್ದು ಮಾತ್ರ ತಾಗುತ್ತದೆ.

ಪುಸ್ತಕದಲ್ಲಿ ಅದಕ್ಕೆ ರೇಡಿಯೋ ದೂರದರ್ಶಕ ಎಂದು ಹೆಸರಿದೆ. ನಮ್ಮ ಅಜ್ಜಂದಿರು ಅದನ್ನು ಮೊದಲ ಸಲ ನೋಡಿದಾಗ ರೊಟ್ಟಿ ಹಿಟ್ಟು ನಾದುವ ಪರಾತವನ್ನು ಯಾರೋ ಆಕಾಶಕ್ಕೆ ಒಡ್ಡಿ ಹಿಡಿದಂತೆ ಕಂಡಿತಂತೆ. ಅಂದಿನಿಂದ ಅದು ಪರಾತವೇ. ಅದರೊಳಗೆ ಇಡೀ ಊರು ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಬೀಗರಿಗೆ ಜಾಗ ಉಳಿದೀತು. ಅಷ್ಟು ದೊಡ್ಡದು ತಿರುಗುವಾಗ ಅದರ ನೆರಳಲ್ಲಿ ಕಾಳು ಹೆಕ್ಕುವ ಕೋಳಿ ಕೂಡ ತಲೆ ಎತ್ತುವುದಿಲ್ಲ, ಅಷ್ಟು ಮೆತ್ತಗೆ ತಿರುಗುತ್ತದೆ. ಮೋಡ ಕವಿದರೂ ಹಾಡಹಗಲಾದರೂ ಅದಕ್ಕೆ ಚಿಂತೆಯಿಲ್ಲ, ಏಕೆಂದರೆ ಅದು ನೋಡುವುದಿಲ್ಲ, ಕೇಳುತ್ತದೆ. ಮನುಷ್ಯ ಇನ್ನೂ ಒಲೆ ಹೊತ್ತಿಸಲು ಕಲಿಯದ ಕಾಲದಲ್ಲಿ ಹೊರಟ ದನಿ ಇವತ್ತು ಬೆಳಿಗ್ಗೆ ನಮ್ಮ ಊರಿಗೆ ಬಂದು ಮುಟ್ಟುತ್ತದೆ. ಪರಾತ ಹುಟ್ಟಿದಂದಿನಿಂದ ಕೇಳಿಸಿಕೊಂಡ ದನಿಗಳನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಹನಿ ಚಹಾ ಬಿಸಿಯಾಗುವುದಿಲ್ಲವಂತೆ. ಅಂಥ ಕ್ಷೀಣ ದನಿಯನ್ನು ಹಿಡಿಯುವ ಕಿವಿ ನಮ್ಮ ಊರಲ್ಲಿದೆ ಎಂದು ನೆನೆದರೆ ಈಗಲೂ ನನ್ನ ಮೈ ಜುಂ ಎನ್ನುತ್ತದೆ.

ಹಾಗಾಗಿ ಯಾರಿಗೂ ಈ ಮೌನ ಭಾರವೆನಿಸಿಲ್ಲ. ಸಂತೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಚೌಕಾಸಿ ಮಾಡುತ್ತೇವೆ. ಬಾಣಂತಿಯರು ಕೂಸು ರಚ್ಚೆ ಬಿಡುವವರೆಗೆ ಗುಡ್ಡದಾಚೆಯ ಮನೆಗಳಲ್ಲಿರುತ್ತಾರೆ. ಗುಡ್ಡ ದಾಟಿದರೆ ಪರಾತಕ್ಕೆ ಏನೂ ಕೇಳುವುದಿಲ್ಲ. ಕೆಂಪು ಬಾವುಟವಿದ್ದಾಗ ಗಂಡ ಹೆಂಡತಿ ಜಗಳವಾಡಬೇಕೆಂದರೂ ಅಲ್ಲಿಗೇ ಹೋಗಬೇಕು. ಏರು ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಜನಕ್ಕೆ ಜಗಳ ಯಾತಕ್ಕೆಂದು ನೆನಪಿರುವುದಿಲ್ಲ, ಬುತ್ತಿ ಉಂಡು ವಾಪಸು ಬರುತ್ತಾರೆ. ಉಳಿದರ್ಧ ಜನ ಮಾತ್ರ ಚೆನ್ನಾಗಿಯೇ ಕಿತ್ತಾಡಿ ಬರುತ್ತಾರೆ.

ನನ್ನ ಹೆಸರು ನಿಂಬೆವ್ವ. ಊರಿನವರು ನಿಂಬೆಕ್ಕ ಎನ್ನುತ್ತಾರೆ. ಪರಾತದ ಬುಡದ ಕಚೇರಿಯಲ್ಲಿ ನನ್ನದು ಊರು ಅಳಿಸುವ ಕೆಲಸ. ಪರಾತ ಕೇಳಿದ್ದೆಲ್ಲ ಸುರುಳಿ ಕಾಗದದ ಮೇಲೆ ಮಸಿಯ ಗೆರೆಯಾಗಿ ಇಳಿಯುತ್ತದೆ. ಜನ ಎಷ್ಟೇ ಜಾಗ್ರತೆ ಮಾಡಿದರೂ ಎಡವಿದಾಗ ಬಾಯಿಂದ 'ಅಯ್ಯೋ' ಹೊರಡುತ್ತದೆ, ಬಿಕ್ಕಳಿಕೆ ಬರುತ್ತದೆ, ನಿದ್ದೆಯಲ್ಲಿ ಯಾರೋ ಕನವರಿಸುತ್ತಾರೆ. ಆ ಮುಳ್ಳುಗಳನ್ನು ಗುರುತಿಸಿ, ಪಕ್ಕದಲ್ಲಿ ಯಾರದು, ಎಷ್ಟು ಹೊತ್ತಿಗೆ ಎಂದು ಬರೆದು, ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುವುದು ನನ್ನ ಕೆಲಸ. ಉಳಿದದ್ದು ಆಕಾಶ. ಅಷ್ಟನ್ನು ಮಾತ್ರ ವಿಜ್ಞಾನಿಗಳು ಓದುತ್ತಾರೆ. ಶಾಲೆಯ ಮಾಸ್ತರರ ಸೀನು ಗರಗಸದ ಹಲ್ಲಿನ ಹಾಗೆ ಬರುತ್ತದೆ. ಗೌರವ್ವ ಗಂಡನನ್ನು ಬೈದರೆ ಒಂದರ ಬೆನ್ನಿಗೊಂದು ಏಳು ಮುಳ್ಳು, ಕೊನೆಯದು ಎಲ್ಲಕ್ಕಿಂತ ಎತ್ತರ. ಮೂವತ್ತು ವರ್ಷದಲ್ಲಿ ನಾನು ಒಂದು ಮುಳ್ಳನ್ನೂ ತಪ್ಪು ಹೆಸರಿಗೆ ಬರೆದಿಲ್ಲವೆಂದು ಊರೇ ಹೇಳುತ್ತಿತ್ತು. ಊರು ನನಗೆ ಹೆದರುತ್ತಿತ್ತು ಕೂಡ. ಆ ಹೆದರಿಕೆ ನನಗೆ ಹಿತವಾಗಿಯೇ ಇತ್ತೆಂದು ಒಪ್ಪಿಕೊಂಡುಬಿಡುತ್ತೇನೆ.

ಇನ್ನು ಅಡಿವೆಪ್ಪ. ಅವನದು ಚೌಕದಲ್ಲಿ ಚಹಾದ ಅಂಗಡಿ. ನನ್ನ ಜೊತೆ ಒಂದೇ ಶಾಲೆಯಲ್ಲಿ ಓದಿದವನು, ನನ್ನನ್ನು ನಿಂಬಿ ಎಂದು ಕರೆಯುವ ಧೈರ್ಯ ಇದ್ದದ್ದು ಅವನೊಬ್ಬನಿಗೇ. ಬಿಳಿ ಬಾವುಟ ಏರಿದ ಕೂಡಲೇ ಅರ್ಧ ಊರು ಅವನ ಅಂಗಡಿಯ ಮುಂದಿರುತ್ತಿತ್ತು. ಚಹಾ ನೆಪ ಮಾತ್ರ, ಬರುತ್ತಿದ್ದುದು ಅವನ ಮಾತಿಗೆ. ಗಂಟೆಗಟ್ಟಲೆ ತಡೆದಿಟ್ಟ ಮಾತನ್ನು ಅವನು ಬಿಸಿಬಿಸಿಯಾಗಿ ಹಂಚುತ್ತಿದ್ದ. ಒಂದು ಬೆಕ್ಕು ಗೋಡೆ ಹಾರಿದ್ದನ್ನು ಹೇಳಿದರೂ ಕೇಳುವವರ ಕೈಯಲ್ಲಿ ಚಹಾ ಆರಿಹೋಗುತ್ತಿತ್ತು. ಹೆಂಡತಿ ತೀರಿಹೋದ ಮೇಲೆ ಅವನಿಗೆ ಇದ್ದದ್ದು ಆ ಅಂಗಡಿ ಮತ್ತು ಆ ಕಿವಿಗಳೇ.

ಹನ್ನೆರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮಾರನೆಯ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಾಗದದ ಮೇಲೆ ಒಂದು ಹೊಸ ಮುಳ್ಳು ಕಂಡಿತು. ಸಣ್ಣ ಉಬ್ಬು, ಅದರ ಪಕ್ಕಕ್ಕೆ ಇನ್ನೊಂದು, ಎರಡರೊಳಗೂ ಬಾಚಣಿಕೆಯ ಹಲ್ಲಿನಂಥ ಸಣ್ಣನೆಯ ನಡುಕ. ಯಾರದೆಂದು ತಿಳಿಯದೆ ಮಾರನೆಯ ದಿನ ಆ ಹೊತ್ತಿಗೆ ಊರೊಳಗೆ ಸುತ್ತಿದೆ. ಅಡಿವೆಪ್ಪ ಅಂಗಡಿಯ ಮೂಲೆಯಲ್ಲಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದ. ಅವನ ಭುಜ ಎರಡು ಸಲ ಅಲುಗಾಡಿತು. ಎರಡು ಕೆಮ್ಮು, ಎರಡು ಉಬ್ಬು. ಒಳಗಿನ ನಡುಕ ಕಫದ ಗೊರಗೊರ. ನನಗೆ ಅಷ್ಟು ಸಾಕಾಯಿತು.

ಬಿಳಿ ಬಾವುಟ ಏರಿದ ಮೇಲೆ ಎಲ್ಲರೆದುರೇ ಕೇಳಿದೆ. ಅವನು ಟವೆಲ್ಲನ್ನು ಬಿಚ್ಚಿ ಹಿಡಿದು ತೋರಿಸಿದ.

"ಕೆಮ್ಮು ಬಂದಿದ್ದು ಖರೆ, ನಿಂಬಿ. ಆದ್ರ ಸದ್ದು ಹೊರಗ ಬಿಟ್ಟಿಲ್ಲ. ಹಿಂಗ ಒತ್ತಿ ಹಿಡದ್ರ ನನ್ನ ಮೀಸಿ ಮ್ಯಾಲಿನ ನೊಣ ಸೈತ ಏಳಂಗಿಲ್ಲ. ಬೇಕಾದ್ರ ಈ ಟವೆಲ್ಲಿಗೆ ಕೇಳು."

"ಟವೆಲ್ಲಿಗೆ ಬಾಯಿಲ್ಲ. ಕಾಗದಕ್ಕ ಐತಿ," ಎಂದೆ.

ಜನ ನಕ್ಕರು. ಅವನೂ ನಕ್ಕ. ಅಂದಿನಿಂದ ಆ ಮುಳ್ಳಿನ ಪಕ್ಕ 'ಅ. ಕೆಮ್ಮು' ಎಂದು ಬರೆದು ಅಳಿಸತೊಡಗಿದೆ. ದಿನವೂ ಅದು ನಾಲ್ಕು ನಿಮಿಷ ಬೇಗ ಬರುತ್ತಿತ್ತು. ದೀಪಾವಳಿಗೆ ಒಂಬತ್ತಕ್ಕೆ ಬಂದದ್ದು ಸಂಕ್ರಾಂತಿಯ ಹೊತ್ತಿಗೆ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿತ್ತು. ಚಳಿ ಏರಿದ ಹಾಗೆ ಕೆಮ್ಮು ಬೇಗ ಏಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ ಅಲ್ಲವೇ? ಸಂಕ್ರಾಂತಿಯಾದ ಮೇಲೆ ಪರಾತ ಆಕಾಶದ ಬೇರೆ ಕಡೆಗೆ ತಿರುಗುತ್ತಿತ್ತು, ಕೆಮ್ಮೂ ನಿಲ್ಲುತ್ತಿತ್ತು. ಚಳಿ ಹೋಯಿತು, ಕೆಮ್ಮು ಹೋಯಿತು ಎಂದುಕೊಂಡೆ. ಹೀಗೆ ಹನ್ನೊಂದು ಚಳಿಗಾಲ ಅಳಿಸಿದೆ.

ಹನ್ನೊಂದನೆಯ ಚಳಿಗಾಲಕ್ಕೆ ವೈಜಯಂತಿ ಅಕ್ಕೋರು ಬಂದರು. ವಿಜ್ಞಾನಿಗಳಲ್ಲಿ ಗಂಡಸರಾದರೆ ಸರ, ಹೆಂಗಸರಾದರೆ ಅಕ್ಕೋರು ಎನ್ನುವುದು ನಮ್ಮ ರೂಢಿ. ಅವರು ದಕ್ಷಿಣದ ಕಡೆಯವರು, ಸಣ್ಣ ಮೈಕಟ್ಟು, ಕುಪ್ಪಸದ ತೋಳಿಗೆ ಯಾವಾಗಲೂ ಮಸಿ ಅಂಟಿರುತ್ತಿತ್ತು. ದಿನ ಬೆಳಿಗ್ಗೆ ಪರಾತದ ಕಬ್ಬಿಣದ ಕಾಲನ್ನು ಅಂಗೈಯಿಂದ ಒಮ್ಮೆ ಮುಟ್ಟಿಯೇ ಒಳಗೆ ಬರುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಒಂದು ಸತ್ತ ನಕ್ಷತ್ರವನ್ನು. ಸೂರ್ಯನಿಗಿಂತ ಎಷ್ಟೋ ದೊಡ್ಡದೊಂದು ನಕ್ಷತ್ರ ಸಿಡಿದು ಹೋದ ಮೇಲೆ ಉಳಿದ ಗಟ್ಟಿ ಉಂಡೆ ನಮ್ಮ ಊರು, ಗುಡ್ಡ, ಗುಡ್ಡದಾಚೆಯ ಹೊಲಗಳು ಸೇರಿದಷ್ಟೇ ಇರುತ್ತದಂತೆ. ಅದು ಬುಗುರಿಯಂತೆ ತಿರುಗುತ್ತಾ, ತಿರುಗಿದಾಗೊಮ್ಮೆ ನಾಡಿ ಮಿಡಿದ ಹಾಗೆ ಒಂದು ಮಿಡಿತ ಕಳಿಸುತ್ತದಂತೆ. ಅವರ ಲೆಕ್ಕದ ಪ್ರಕಾರ ಅದು ಚಳಿಗಾಲದಲ್ಲಿ ನಮ್ಮ ಪರಾತದ ಮೇಲೆ ಹಾದುಹೋಗುವ ಆಕಾಶದ ಒಂದು ಚೂರಿನಲ್ಲಿ ಇರಲೇಬೇಕಿತ್ತು. ಆದರೆ ಕಾಗದದಲ್ಲಿ ಕಾಣುತ್ತಿರಲಿಲ್ಲ.

"ನಿಂಬೆಕ್ಕ, ನೀವು ಇಲ್ಲಿ ದಿನಾ ಏನೋ ಹೊಡೆದುಹಾಕಿದ್ದೀರಲ್ಲ," ಎಂದು ಒಂದು ದಿನ ಕೆಂಪು ಗೀಟಿನ ಮೇಲೆ ಬೆರಳಿಟ್ಟು ಕೇಳಿದರು. "ನಾನು ನೋಡಬೇಕಾದ ಜಾಗವೇ ಇದು. ನೀವು ಅಳಿಸಿದ ಕಡೆ ನನಗೆ ಕಣ್ಣೇ ಇಲ್ಲದ ಹಾಗಾಗುತ್ತೆ."

"ಅದು ಅಡಿವೆಪ್ಪನ ಕೆಮ್ಮರೀ, ಅಕ್ಕೋರ. ಚಳಿ ಹೆಚ್ಚಾದಂಗ ಮುಂಜಾನಿ ಲಗೂನ ಬರ್ತೈತಿ."

"ಖಂಡಿತಾನಾ?"

"ಮೂವತ್ತು ವರ್ಷದಾಗ ನಾ ತಪ್ಪಿಲ್ಲರೀ."

ಅವರು ಮತ್ತೆ ಕೇಳಲಿಲ್ಲ. ಇನ್ನೊಂದು ಚಳಿಗಾಲ ಮಾತ್ರ ಅವರಿಗೆ ಉಳಿದಿತ್ತು. ಆಮೇಲೆ ಪರಾತವನ್ನು ಬೇರೆಯವರ ಕೆಲಸಕ್ಕೆ ಬೇರೆ ದಿಕ್ಕಿಗೆ ತಿರುಗಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಆ ಕೊನೆಯ ಚಳಿಗಾಲಕ್ಕಾದರೂ ಅಕ್ಕೋರಿಗೆ ಶುದ್ಧ ಕಾಗದ ಕೊಡಬೇಕೆಂದು ಊರ ಪಂಚರು ಸೇರಿದರು. ಪರಾತಕ್ಕಾಗಿ ನಮ್ಮ ಊರು ಏನು ಬೇಕಾದರೂ ಮಾಡುತ್ತದೆ. ನಾನು ಹನ್ನೊಂದು ವರ್ಷದ ಲೆಕ್ಕ ಓದಿದೆ. ಅಡಿವೆಪ್ಪ ಗುಡ್ಡದಾಚೆ ಹೋಗಬೇಕೆಂದಾಯಿತು.

"ನಾ ಸದ್ದ ಮಾಡಿಲ್ಲ," ಎಂದು ಅವನು ಪಂಚರಿಗೆ ಹೇಳಲಿಲ್ಲ, ನನಗೆ ಹೇಳಿದ. "ನಿಂಬಿ, ಪರಾತದ ಮ್ಯಾಲೆ ನಿನಗೊಬ್ಬಾಕಿಗೇ ಅಭಿಮಾನ ಐತಿ ಅಂತ ತಿಳಕೊಂಡಿ ಏನು?"

ನಾನು ಲೆಕ್ಕದ ಕಾಗದ ಸುತ್ತಿಕೊಂಡು ಎದ್ದೆ. ಸಂಕ್ರಾಂತಿಯ ಮಾರನೆಯ ದಿನ ಅವನು ಕಿಟಲಿ, ಸ್ಟೋವು, ಅಂಗಡಿಯ ಗೋಡೆ ಗಡಿಯಾರ ಮತ್ತು ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಏರು ಹತ್ತಿದ. ಗುಡ್ಡದ ಆ ಕಡೆಗೆ ಮಾತಾಡಲು ಅಡ್ಡಿಯೇನಿಲ್ಲ, ಆದರೆ ಕೇಳುವವರು ಯಾರು? ಬಾಣಂತಿಯರು ನಿದ್ದೆಗೆಟ್ಟಿರುತ್ತಾರೆ, ಜಗಳಕ್ಕೆ ಬಂದವರಿಗೆ ತಮ್ಮ ಮಾತೇ ಹೆಚ್ಚಾಗಿರುತ್ತದೆ. ಚೌಕದಲ್ಲಿ ಅವನ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಬಿಳಿ ಬಾವುಟ ಏರಿದರೆ ಜನ ಅಭ್ಯಾಸದ ಮೇಲೆ ಅಲ್ಲಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿ ಮನೆಗೆ ಹೋಗುತ್ತಿದ್ದರು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ.

ದೀಪಾವಳಿ ಬಂತು, ಹೋಯಿತು. ಮಾರನೆಯ ದಿನ ಮಧ್ಯಾಹ್ನ ಕಾಗದ ನನ್ನ ಮೇಜಿಗೆ ಬಂತು. ಬೆಳಿಗ್ಗೆ ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಎರಡು ಉಬ್ಬು, ಒಳಗೆ ಬಾಚಣಿಕೆಯ ಹಲ್ಲು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರೆ ಈ ಮನುಷ್ಯ ಕದ್ದು ಬಂದು ಅಂಗಡಿಯೊಳಗೆ ಕೂತಿದ್ದಾನೆ ಎಂದುಕೊಂಡೆ. ಮೊದಲು ಅಂಗಡಿಗೆ ಹೋದೆ. ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಬೇಗನೆ ಗುಡ್ಡ ಹತ್ತಿದೆ. ಎಂಟೂವರೆಗೆ ಅವನ ಬಾಗಿಲಲ್ಲಿ ನಿಂತಿದ್ದೆ.

ಅವನು ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹತ್ತು ತಿಂಗಳಲ್ಲಿ ಇಳಿದುಹೋಗಿದ್ದ. ನನ್ನನ್ನು ನೋಡಿ ಆಶ್ಚರ್ಯವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ.

"ನಿನ್ನಿ ಊರಿಗೆ ಬಂದಿದ್ದೇನು?" ಎಂದು ಗದರಿಸಿದೆ.

"ನಾ ಯಾಕ ಬರ್ಲಿ? ಯಾರ ಕರದಾರ?"

"ನಿನ್ನ ಕೆಮ್ಮು ಕಾಗದದಾಗ ಬಂದೈತಿ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಪಕ್ಕದ ಮನೆಯ ಕಡೆ ತಿರುಗಿ ಕೂಗಿದ. "ಬಸಲಿಂಗವ್ವಾ, ಇಲ್ಲಿ ಬಾ ಇಷ್ಟು. ನಿಂಬೆಕ್ಕಗ ಹೇಳು, ನಿನ್ನಿ ನಾ ಎಲ್ಲಿದ್ದೆ?"

ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಸಲಿಂಗವ್ವ ಎಂಬ ಬಾಣಂತಿ ಬಂದಳು. "ಇಲ್ಲೇ ಇದ್ದನಲ್ಲ, ನಿಂಬೆಕ್ಕ. ಎಂಟಕ್ಕಿಂತ ಮೊದಲ ನನ್ನ ಕೂಸಿನ್ನ ಎತ್ಕೊಂಡು ಕುಂತಾವ ಹತ್ತಕ್ಕ ಕೊಟ್ಟ. ಅಷ್ಟೊತ್ತು ನಾ ನಿದ್ದಿ ಮಾಡೇನಿ. ಮತ್ತ ಕಾಕಾಗ ಕೆಮ್ಮು ಎಲ್ಲೈತಿ? ಶ್ರಾವಣದಾಗ ಹೋಗೇ ಬಿಟ್ಟೈತಿ. ಇಲ್ಲಿ ಹೊಗಿ ಇಲ್ಲ, ಗಾಳಿ ಚಲೋ ಐತಿ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಡಿವೆಪ್ಪ ಒಂದು ಕಪ್ ಚಹಾ ನನ್ನ ಮುಂದಿಟ್ಟ. ನಾನು ಅವನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಒಂಬತ್ತಕ್ಕೆ ಐದು, ಮೂರು, ಎರಡು ನಿಮಿಷ. ಅವನು ನನ್ನೆದುರಿಗೆ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ ಕುಡಿಯುತ್ತಿದ್ದ. ಒಂಬತ್ತಾಯಿತು, ಒಂಬತ್ತೂ ಹತ್ತಾಯಿತು. ಅವನ ಗಂಟಲಲ್ಲಿ ಒಂದು ಕಿರಿಕಿರಿಯೂ ಏಳಲಿಲ್ಲ. ನಾನು ಎದ್ದು ಊರ ದಾರಿ ಹಿಡಿದೆ.

ಆ ದಿನದ ಕಾಗದದಲ್ಲಿ ಎರಡು ಉಬ್ಬು ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಬಂದಿದ್ದವು. ನಿನ್ನೆಗಿಂತ ನಾಲ್ಕು ನಿಮಿಷ ಮೊದಲು. ಆ ನಿಮಿಷದಲ್ಲಿ ಅಡಿವೆಪ್ಪ ಗುಡ್ಡದಾಚೆ, ನನ್ನ ಕಣ್ಣೆದುರು, ಚಹಾ ಊದುತ್ತಿದ್ದ.

ಆ ಮಧ್ಯಾಹ್ನ ನಾನು ಕೆಂಪು ಪೆನ್ಸಿಲು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಸತ್ಯ ಹೇಳಬೇಕೆಂದರೆ, ಅಳಿಸಿಬಿಡಲೇ ಎನಿಸಿತು. 'ಅ. ಕೆಮ್ಮು' ಎಂದು ಬರೆದು ಒಂದು ಗೀಟು ಎಳೆದರೆ ಮುಗಿಯಿತು. ನನ್ನ ಮಾತನ್ನು ಮೀರಿ ಯಾರೂ ಕೇಳುವವರಿರಲಿಲ್ಲ. ಮೂವತ್ತು ವರ್ಷದ ಹೆಸರು ಹಾಗೆಯೇ ಉಳಿಯುತ್ತಿತ್ತು. ಆದರೆ ಆ ಗೀಟಿನ ಕೆಳಗೆ ಅಡಿವೆಪ್ಪ ಸಾಯುವವರೆಗೂ ಗುಡ್ಡದಾಚೆಯೇ ಇರುತ್ತಿದ್ದ. ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಅಳಿಸದ ಕಾಗದವನ್ನು ಎತ್ತಿಕೊಂಡು ಅಕ್ಕೋರ ಕೋಣೆಗೆ ಹೋದೆ.

"ಅಕ್ಕೋರ, ಇದು ಅಡಿವೆಪ್ಪಂದಲ್ಲ. ಇಷ್ಟು ವರ್ಷದ್ದೂ ಅವಂದಲ್ಲ. ಯಾರದಂತ ನನಗ ತಿಳಿವಲ್ದು," ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

ಅವರು ಕಾಗದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಹಳೇ ಸುರುಳಿಗಳು ಎಲ್ಲಿವೆ?" ಎಂದು ಕೇಳಿದರು.

ಉಗ್ರಾಣದಿಂದ ಹನ್ನೊಂದು ಚಳಿಗಾಲದ ಸುರುಳಿಗಳನ್ನು ಹೊತ್ತು ತಂದು ಉದ್ದನೆಯ ಪಡಸಾಲೆಯಲ್ಲಿ ಬಿಡಿಸಿ ಹಾಸಿದೆವು. ಕೆಂಪು ಗೀಟಿನ ಕೆಳಗೆ ಮಸಿಯ ಗೆರೆ ಹಾಗೆಯೇ ಇತ್ತು. ಅಕ್ಕೋರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಅಳತೆಪಟ್ಟಿ ಹಿಡಿದು ಒಂದೊಂದೇ ಗುರುತನ್ನು ಅಳೆಯುತ್ತಾ ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ತೆವಳಿದರು. ಅಷ್ಟು ಓದಿದ ಹೆಂಗಸು, ಮಂಡಿಯೆಲ್ಲ ಧೂಳು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಕೊನೆಗೆ ಅಲ್ಲೇ ನೆಲದ ಮೇಲೆ ಕೂತು ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು.

"ದಿನಕ್ಕೆ ನಾಲ್ಕು ನಿಮಿಷ ಬೇಗ. ಸರಿಯಾಗಿ ಹೇಳಬೇಕೆಂದರೆ ನಾಲ್ಕು ಸೆಕೆಂಡು ಕಮ್ಮಿ. ಹನ್ನೊಂದು ವರ್ಷವೂ ಅಷ್ಟೇ. ನಕ್ಷತ್ರಗಳು ಬರೋದೇ ಹಾಗೆ, ನಿಂಬೆಕ್ಕ. ಚಳಿಗೆ ಇಷ್ಟು ಕರಾರುವಾಕ್ಕಾಗಿ ಗಡಿಯಾರ ನೋಡೋಕೆ ಬರೋದಿಲ್ಲ. ಈ ಹಲ್ಲುಗಳಿವೆಯಲ್ಲ, ಇವೇ ಮಿಡಿತ. ಇದೇ ಅದು."

"ನಾ ಅಳಿಸಿಬಿಟ್ಟೆನ್ರೀ ಅಕ್ಕೋರ."

"ಅಳಿಸಿದಿರಿ. ಜೊತೆಗೆ ಪ್ರತಿ ದಿನದ ಹೊತ್ತು ಬರೆದಿಟ್ಟಿದ್ದೀರಿ. ಇಷ್ಟು ಹಳೆಯ ದಾಖಲೆ ಇರೋ ಮಿಡಿತ ಎಲ್ಲಿ ಸಿಗುತ್ತೆ ಹೇಳಿ?" ಎಂದು ಅಳತೆಪಟ್ಟಿಯನ್ನು ಕೆಳಗಿಟ್ಟರು. "ತಪ್ಪು ನಂದೂ ಇದೆ. ಕೆಂಪು ಗೀಟು ಆಕಾಶದ ಒಂದೇ ಜಾಗದ ಮೇಲೆ ಬೀಳುತ್ತಿದೆ ಅಂತ ಹೋದ ವರ್ಷವೇ ನನಗೆ ಹೊಳೀಬೇಕಿತ್ತು. ಆಕಾಶಕ್ಕಿಂತ ಹೆಚ್ಚಾಗಿ ನಿಮ್ಮನ್ನು ನಂಬಿದೆ."

ಆ ಸುರುಳಿಗಳನ್ನೆಲ್ಲ ಮತ್ತೆ ಸುತ್ತುವಾಗ ನಾನು ಇನ್ನೊಂದನ್ನು ಹುಡುಕಿದೆ. ಅಡಿವೆಪ್ಪನ ನಿಜವಾದ ಕೆಮ್ಮು ಎಲ್ಲಿದೆ ಎಂದು. ಹನ್ನೊಂದು ವರ್ಷದ ಕಾಗದದಲ್ಲಿ ಅವನ ಒಂದೇ ಒಂದು ಮುಳ್ಳಿರಲಿಲ್ಲ. ಅವನ ಟವೆಲ್ಲು ಸುಳ್ಳು ಹೇಳಿರಲಿಲ್ಲ.

ಅಕ್ಕೋರು ಹತ್ತು ದಿನ ಊಟ ನಿದ್ದೆ ಮರೆತು ಪರಾತವನ್ನು ಆ ಚೂರಿನ ಮೇಲೆಯೇ ನೆಟ್ಟು, ಅದು ಖಚಿತವೆಂದು ಮೇಲಿನವರಿಗೆ ಬರೆದರು. ಪರಾತವನ್ನು ಬೇರೆ ದಿಕ್ಕಿಗೆ ತಿರುಗಿಸುವ ಮಾತು ನಿಂತಿತು. ನಕ್ಷತ್ರಕ್ಕೆ ಅವರು ಕೊಟ್ಟದ್ದು ಒಂದು ಸಂಖ್ಯೆ. ಆದರೆ ಚೌಕದಲ್ಲಿ ಅದರ ಹೆಸರು ಮೊದಲ ದಿನವೇ 'ಅಡಿವೆಪ್ಪನ ಕೆಮ್ಮು' ಎಂದಾಗಿಹೋಗಿತ್ತು. ಪಂಚರು ಅವನನ್ನು ಕರೆದು ತರಲು ಹಾರ ಕಟ್ಟಿಸಿದರು. ನಾನು ಅವರಿಗಿಂತ ಮೊದಲೇ ಒಬ್ಬಳೇ ಗುಡ್ಡ ಹತ್ತಿದೆ.

ಎಲ್ಲವನ್ನೂ ಹೇಳಿದೆ. ಸಿಡಿದ ನಕ್ಷತ್ರ, ಉಳಿದ ಉಂಡೆ, ನಾಲ್ಕು ನಿಮಿಷ. ಅವನು ಕಣ್ಣು ಮಿಟುಕಿಸದೆ ಕೇಳಿದ.

"ಅಂದ್ರ ಅದು ಅಷ್ಟು ದೂರದಿಂದ ದಿನಾ ನಮ್ಮೂರಿಗೆ ಬರ್ತಿತ್ತು," ಎಂದ ಕೊನೆಗೆ. "ನೀ ಅದಕ್ಕ ಕಫ ಅಂದಿ."

"ತಪ್ಪಾತು, ಅಡಿವೆಪ್ಪ."

ಅವನು ತಲೆ ಅಲ್ಲಾಡಿಸಿದ. "ಇಲ್ಲಿ ಬ್ಯಾಡ. ಗುಡ್ಡದಾಚೆ ಆಡಿದ ಮಾತಿಗೆ ಏನು ತೂಕ ಐತಿ? ಇಲ್ಲಿ ಯಾರ ಬೇಕಾದ್ರೂ ಏನ ಬೇಕಾದ್ರೂ ಅಂತಾರ, ಹೊಳ್ಳಿ ಹೋಗ್ತಾರ. ಹನ್ನೊಂದು ಚಳಿಗಾಲ ನನ್ನ ಹೆಸರು ಕಾಗದದಾಗ ಬರದಿ. ಹನ್ನೊಂದು ಸಲ ಹೇಳು. ಚೌಕದಾಗ ನಿಂತು, ಕೆಂಪು ಬಾವುಟದಾಗ. ಕಾಗದದ ಮ್ಯಾಲೆ ಬರೂಹಂಗ. ಮತ್ತ ಅದನ್ನ ಅಳಿಸಬ್ಯಾಡ. ಅಂದ್ರ ಬರ್ತೀನಿ. ಇಲ್ಲಂದ್ರ ಇಲ್ಲೇ ಚಲೋ ಇದ್ದೀನಿ."

ಕೆಂಪು ಬಾವುಟದಡಿ ಬೇಕೆಂದೇ ಬಾಯಿ ತೆರೆದವರು ನಮ್ಮ ಊರಲ್ಲಿ ಯಾರೂ ಇಲ್ಲ. ಅದರಲ್ಲೂ ನಾನು! ಹೆರಿಗೆ ನೋವಿನಲ್ಲಿ ಕೂಡ ತುಟಿ ಕಚ್ಚಿ ಗುಡ್ಡ ದಾಟಿದವಳು. ಆದರೆ ಅವನು ಕೇಳಿದ್ದು ನ್ಯಾಯವಾಗಿತ್ತು. ಅಕ್ಕೋರ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತೆ.

"ನಾಳೆ ಅದು ಎಂಟು ಗಂಟೆ ಎರಡು ನಿಮಿಷಕ್ಕೆ ಬರುತ್ತೆ," ಎಂದರು ಅವರು. "ಅಷ್ಟರೊಳಗೆ ಮುಗಿದರೆ ಒಳ್ಳೇದು. ಮುಗಿಯದಿದ್ದರೆ ಒಂದು ದಿನದ ಕಾಗದ ಅಡಿವೆಪ್ಪನವರಿಗೆ ಅಂದುಕೊಳ್ತೀನಿ. ಅವರು ನಮಗೆ ಕೊಟ್ಟಿರೋದು ಅದಕ್ಕಿಂತ ಹೆಚ್ಚು."

ಮರುದಿನ ಬೆಳಿಗ್ಗೆ ಇಡೀ ಊರು ಚೌಕದಲ್ಲಿತ್ತು. ಅಡಿವೆಪ್ಪ ತನ್ನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ, ಕಿಟಲಿಯನ್ನು ಪಕ್ಕಕ್ಕಿಟ್ಟು, ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮನೆಗಳ ಹಿಂದೆ ಪರಾತ, ಮೇಲೆ ಕೆಂಪು ಬಾವುಟ. ಅಷ್ಟು ಜನರಿದ್ದೂ ಉಸಿರಿನ ಸದ್ದಿರಲಿಲ್ಲ. ಏಳೂ ಐವತ್ತಕ್ಕೆ ಶುರುಮಾಡಬೇಕೆಂದುಕೊಂಡಿದ್ದೆ. ಬಾಯಿ ತೆರೆದರೆ ದನಿ ಹೊರಡಲಿಲ್ಲ. ಐವತ್ತೆಂಟು ವರ್ಷದ ಅಭ್ಯಾಸ ಅಡ್ಡ ನಿಂತಿತ್ತು. ಗಡಿಯಾರದ ಮುಳ್ಳು ಸರಿಯುತ್ತಲೇ ಇತ್ತು.

"ತಪ್ಪಾತು, ಅಡಿವೆಪ್ಪ," ಎಂದೆ ಕಡೆಗೆ. ಮಕ್ಕಳ ಕಣ್ಣು ಅಗಲವಾದವು. ಒಬ್ಬ ಮುದುಕಿ ಕಿವಿ ಮುಚ್ಚಿಕೊಂಡಳು. "ತಪ್ಪಾತು, ಅಡಿವೆಪ್ಪ." ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಾಯಿತು. ಹತ್ತು ತಿಂಗಳು ಮುಚ್ಚಿದ್ದ ಆ ಬಾಗಿಲು ಎದುರಿಗೇ ಇತ್ತು. ಮೂರನೆಯ ಸಲ ಹೇಳುವಾಗ ಅವನು ಏರು ಹತ್ತಿದ ದಿನ ಹೊತ್ತಿದ್ದ ಹಾಸಿಗೆ ಸುರುಳಿ ಕಣ್ಣಿಗೆ ಕಟ್ಟಿತು. ನಾಲ್ಕನೆಯದು ಅಳುವಿನಲ್ಲಿ ಅರ್ಧ ಮುರಿದುಹೋಯಿತು. ಆದರೂ ಐದನೆಯದಕ್ಕೆ ಉಸಿರೆಳೆದುಕೊಂಡೆ. ಹನ್ನೊಂದನ್ನೂ ಹೇಳಿಯೇ ತೀರುತ್ತಿದ್ದೆ.

ಅಡಿವೆಪ್ಪ ಗಡಿಯಾರ ನೋಡಿದ. ಎದ್ದು ನಿಂತ. ಅಂಗೈ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಸಾಕು, ಸುಮ್ನಾಗು ನಿಂಬಿ. ಅದರ ಹೊತ್ತಾತು."

ನಾನು ಸುಮ್ಮನಾದೆ. ತನ್ನ ಅರವತ್ತು ವರ್ಷದ ಬಾಳಿನಲ್ಲಿ ಕೆಂಪು ಬಾವುಟದಡಿ ಅವನು ಬಾಯಿಬಿಟ್ಟದ್ದು ಅದೇ ಮೊದಲು. ಅವನು ಟೊಪ್ಪಿಗೆ ತೆಗೆದು ಆಕಾಶ ನೋಡುತ್ತಾ ನಿಂತ. ಅವನನ್ನು ನೋಡಿ ಒಬ್ಬೊಬ್ಬರಾಗಿ ಇಡೀ ಊರು ತಲೆಯೆತ್ತಿತು. ಅಲ್ಲಿ ಬರಿ ಬಿಸಿಲಿತ್ತು, ಏನೂ ಕಾಣುತ್ತಿರಲಿಲ್ಲ.

ಆ ದಿನದ ಕಾಗದ ಮಧ್ಯಾಹ್ನ ನನ್ನ ಮೇಜಿಗೆ ಬಂತು. ಮೊದಲು ನಾಲ್ಕು ಡೊಂಕು ಮುಳ್ಳು. ನನ್ನ ದನಿಯ ಆಕಾರವನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಒಂದು ನೆಟ್ಟನೆಯ, ಎತ್ತರದ ಮುಳ್ಳು, ಅಡಿವೆಪ್ಪನದು. ಅದಾದ ಮೇಲೆ ಬೆರಳಗಲದಷ್ಟು ಜಾಗ ಖಾಲಿ. ಆ ಖಾಲಿ ಜಾಗದ ಆಚೆ, ಎಂಟು ಗಂಟೆ ಎರಡು ನಿಮಿಷಕ್ಕೆ, ಎರಡು ಉಬ್ಬುಗಳು ಒಂದು ಹಲ್ಲೂ ಕೆಡದೆ ಸ್ಪಷ್ಟವಾಗಿ ಬಂದಿದ್ದವು.